ಕಚೇರಿ ಅಂಗಳದ ಜೋಡಿಕಲ್ಲು

ಆ ವರ್ಷ ನಮ್ಮ ದೊಡ್ಡ ಕಚೇರಿಯ ಅಂಗಳದಲ್ಲಿ ಕಲ್ಲು ಎದ್ದದ್ದು ನಲ್ಲಿಗೂ ಕ್ಯಾಂಟೀನಿಗೂ ನಡುವೆ, ಜನ ದಿನಾ ಓಡಾಡುವ ದಾರಿಯಲ್ಲೇ. ಮೊದಲು ಕಂಡವಳು ಹೊಂಬಾಳಮ್ಮ. ಅವಳು ಕಚೇರಿಯ ಮಾಲಿ. ಬೆಳಿಗ್ಗೆ ಗಿಡಗಳಿಗೆ ನೀರು ಬಿಡಲು ಪೈಪು ಎಳೆದುಕೊಂಡು ಹೋಗುವಾಗ ನೆಲ ಉಬ್ಬಿ ಬಿರುಕು ಬಿಟ್ಟದ್ದು ಕಾಣಿಸಿತು. ಬಗ್ಗಿ ಮಣ್ಣು ಸರಿಸಿದಳು. ಬೆರಳಿಗೆ ತಣ್ಣಗೆ ಕಲ್ಲು ತಾಗಿತು. ಪೈಪನ್ನು ಅಲ್ಲೇ ಬಿಟ್ಟು ನನ್ನ ಕಿಟಕಿಯ ಕೆಳಗೆ ಬಂದು ನಿಂತು, "ಟೈಪ್ ಮೇಡಂ, ಒಸಿ ಬನ್ನಿ ಇತ್ಲಾಗೆ. ಕಲ್ಲು ಎದ್ದದೆ" ಅಂದಳು. ನಾನು ಆ ಕಚೇರಿಯಲ್ಲಿ ಟೈಪಿಸ್ಟ್. ಹೆಸರು ಹಿಡಿದು ಕರೆಯುವವರು ಅಲ್ಲಿ ಯಾರೂ ಇರಲಿಲ್ಲ.

ನಮ್ಮ ಊರಿಗೆ ಹೊಸದಾಗಿ ಬಂದವರ ಕಣ್ಣಿಗೆ ಮೊದಲು ಬೀಳುವುದು ಕಚೇರಿಯ ಕಟ್ಟಡವಲ್ಲ, ಅದರ ಅಂಗಳ. ಗೇಟು ದಾಟಿದರೆ ಬಲಗಡೆ ಹಸುಗಳ ಹಿಂಡಿಗೆ ಅಡ್ಡ ನಿಂತು ಎದೆಗೆ ಬಾಣ ತಿಂದ ವೀರನ ಕಲ್ಲು. ಅವನ ಪಕ್ಕ, ಪ್ಲೇಗು ಬಂದಾಗ ತನ್ನ ಬಂಗಲೆಯನ್ನೇ ಆಸ್ಪತ್ರೆಗೆ ಬಿಟ್ಟುಕೊಟ್ಟ ಟೊಪ್ಪಿಗೆ ದೊರೆ. ಧ್ವಜಸ್ತಂಭದ ಹತ್ತಿರ ಬಾವುಟ ಹಿಡಿದ ಹುಡುಗರ ಕಂಬ. ಬೇವಿನ ಮರದ ಕೆಳಗೆ ಎರಡೂ ಕೈಯಲ್ಲಿ ಕೂಸು ಎತ್ತಿ ಹಿಡಿದ ಸೂಲಗಿತ್ತಿ. ಮೂಲೆಯಲ್ಲಿ ಒಂದು ಕುದುರೆ. ಅದು ಮಾಡಿದ್ದೇನು ಎಂದು ಈಗ ಯಾರಿಗೂ ನೆನಪಿಲ್ಲ, ಆದರೂ ಹಬ್ಬದ ದಿನ ಅದಕ್ಕೂ ಹಾರ ಬೀಳುತ್ತದೆ. ಇವನ್ನೆಲ್ಲ ಯಾರೂ ಕೆತ್ತಿದ್ದಲ್ಲ, ಯಾರೂ ನೆಟ್ಟದ್ದಲ್ಲ. ಕಲ್ಲು ಏಳುತ್ತದೆ, ಜೀಪು ನಿಲ್ಲಿಸುವ ಜಾಗ ಬದಲಾಗುತ್ತದೆ, ಸೈಕಲ್ ಸ್ಟ್ಯಾಂಡು ಇನ್ನೊಂದು ಮೂಲೆಗೆ ಹೋಗುತ್ತದೆ. ಅಷ್ಟೆ.

ಕಲ್ಲು ಏಳುವುದು ತಲೆಯ ಕಡೆಯಿಂದ. ಮೊದಲು ನೆತ್ತಿ, ಆಮೇಲೆ ಮುಖ, ಆಮೇಲೆ ಹೆಗಲು. ಕೈ ಮೇಲೆ ಬಂದ ಮೇಲಷ್ಟೇ ಆ ಮನುಷ್ಯರು ಮಾಡಿದ ಕೆಲಸ ಏನೆಂದು ತಿಳಿಯುವುದು. ಕೆಲವರಿಗೆ ಸತ್ತು ಎಷ್ಟೋ ಕಾಲವಾದ ಮೇಲೆ ಕಲ್ಲು ಎದ್ದಿದೆ. ಕೆಲವರಿಗೆ ಬದುಕಿರುವಾಗಲೇ, ಕೆಲಸ ಮಾಡುವುದಕ್ಕೂ ಮುಂಚೆಯೇ ಎದ್ದಿದೆ. ಹಾಗೆ ಎದ್ದವರಲ್ಲಿ ಒಬ್ಬರು ನಮ್ಮ ಹಳೇ ಹೆಡ್ಮೇಷ್ಟ್ರು. ಅವರ ಮುಖ ಮೇಲೆ ಬಂದಾಗ, ತನ್ನಿಂದ ಯಾವ ದೊಡ್ಡ ಕೆಲಸವಾಗಬೇಕೋ ಎಂದು ಹೆದರಿ ಅವರು ಊರು ಬಿಟ್ಟು ಹೋದರು. ಕಲ್ಲು ಹೆಗಲಿಗೇ ನಿಂತುಹೋಯಿತು. ಕನ್ನಡಕ ಹಾಕಿಕೊಂಡ ಆ ಅರ್ಧ ಮೇಷ್ಟ್ರು ಕ್ಯಾಂಟೀನಿನ ಮುಂದೆ ಇವತ್ತಿಗೂ ಇದ್ದಾರೆ. ಮಳೆಗಾಲದಲ್ಲಿ ಜನ ಅವರ ಕತ್ತಿಗೆ ಛತ್ರಿ ನೇತುಹಾಕುತ್ತಾರೆ.

ಯುಗಾದಿಯ ಹೊತ್ತಿಗೆ ಹೊಸ ಕಲ್ಲಿನಲ್ಲಿ ಮುಖ ಮೂಡಿತು. ಅಗಲ ಹಣೆ, ಎಡಗಡೆ ಮೂಗುಬೊಟ್ಟು, ಓಲೆಯ ಭಾರಕ್ಕೆ ಜೋತ ಕಿವಿ. ಗುರುತು ಹಿಡಿಯಲು ಯಾರಿಗೂ ಕಷ್ಟವಾಗಲಿಲ್ಲ. ಅದು ಹೊಂಬಾಳಮ್ಮನೇ. ಇಡೀ ಊರು ನೋಡಲು ಬಂತು. ಬಂದವರೆಲ್ಲ ಕಲ್ಲನ್ನೊಮ್ಮೆ, ಅವಳನ್ನೊಮ್ಮೆ ನೋಡಿ ತಲೆದೂಗಿದರು. ಅವಳಿಗೆ ನಾಚಿಕೆಯಾಗಿ ಇಡೀ ದಿನ ಸಲಕರಣೆ ಕೋಣೆಯಲ್ಲೇ ಕೂತಿದ್ದಳು. ನಾನು ಹೋಗಿ ಮಾತಾಡಿಸಿದೆ.

"ಭಯ ಆಯ್ತದೆ ಮೇಡಂ" ಅಂದಳು. "ಆ ವೀರಪ್ಪನ ಎದೇಲಿ ಬಾಣ ನೆಟ್ಕೊಂಡದೆ ನೋಡಿ. ನನ್ಗೆ ಎಲ್ಲಿ ಏನು ನೆಟ್ಕೊಂಡು ಬತ್ತದೋ. ಗಿಡಕ್ಕೆ ನೀರು ಬುಡೋದು ಬುಟ್ಟು ನಂಗೇನ್ ಬತ್ತದೆ?"

ಅವಳ ಹೆದರಿಕೆ ಇನ್ನೂ ಇಳಿದಿರಲಿಲ್ಲ, ಅಷ್ಟರಲ್ಲಿ ಅದೇ ಕಲ್ಲಿನ ಬಲಗಡೆ ಇನ್ನೊಂದು ನೆತ್ತಿ ಎದ್ದಿತು. ಬಿಗಿದು ಕಟ್ಟಿದ ತುರುಬು, ಚೂಪು ಗಲ್ಲ, ಒಂದು ಹುಬ್ಬು ಇನ್ನೊಂದಕ್ಕಿಂತ ಮೇಲೆ. ಇದು ತಾಯಮ್ಮಣ್ಣಿ ಎಂದು ಗೊತ್ತಾದ ದಿನ ಕಚೇರಿಯಲ್ಲಿ ಯಾರೂ ಕೆಲಸ ಮಾಡಲಿಲ್ಲ. ಯಾಕೆಂದರೆ ಅಂಗಳದ ಕ್ಯಾಂಟೀನ್ ನಡೆಸುತ್ತಿದ್ದ ತಾಯಮ್ಮಣ್ಣಿ ಹೊಂಬಾಳಮ್ಮನ ಸ್ವಂತ ನಾದಿನಿ, ಗಂಡ ಶಿವನಂಜಪ್ಪನ ತಂಗಿ. ಅವರಿಬ್ಬರ ನಡುವೆ ಮಾತು ನಿಂತು ವರ್ಷಗಳೇ ಆಗಿದ್ದವು.

ಶಿವನಂಜಪ್ಪ ಹೊಂಬಾಳಮ್ಮನಿಗಿಂತ ಮುಂಚೆ ಇದೇ ಅಂಗಳದ ಮಾಲಿಯಾಗಿದ್ದ. ಒಂದು ಬಾವುಟದ ಹಬ್ಬದ ಹಿಂದಿನ ದಿನ ಮೈಯಲ್ಲಿ ಜ್ವರ ಇಟ್ಟುಕೊಂಡೇ ಕೆಲಸಕ್ಕೆ ಬಂದ. ಹುಡುಗರ ಕಂಬಕ್ಕೆ ತೋರಣ ಕಟ್ಟಲು ಏಣಿ ಹತ್ತಿ, ತಲೆ ತಿರುಗಿ ಬಿದ್ದ. ಮೇಲೇಳಲಿಲ್ಲ. ಹೆಣದ ಮುಂದೆ ತಾಯಮ್ಮಣ್ಣಿ ಎದೆ ಬಡಿದುಕೊಂಡು ಅತ್ತಿಗೆಯ ಕಡೆ ಕೈ ತೋರಿಸಿ, "ಜ್ವರ ಬಂದೋನ್ನ ಕೆಲ್ಸಕ್ಕೆ ಅಟ್ಟಿ ಸಾಯಿಸ್ಬುಟ್ಟಲ್ಲೇ!" ಅಂದಳು. ನೆರೆದವರೆಲ್ಲ ಕೇಳಿಸಿಕೊಂಡರು. ಹೊಂಬಾಳಮ್ಮ ಒಂದು ಮಾತೂ ಎದುರಾಡಲಿಲ್ಲ. ಎದುರಾಡದೇ ಇದ್ದದ್ದಕ್ಕೆ ಊರಿನಲ್ಲಿ ಕೆಲವರು, ಇದ್ದರೂ ಇರಬಹುದು ಅಂದುಕೊಂಡರು. ಆಮೇಲೆ ಗಂಡನ ಕೆಲಸ ಅವಳಿಗೇ ಸಿಕ್ಕಿತು. ಹೀಗಾಗಿ ಇಬ್ಬರೂ ಒಂದೇ ಅಂಗಳದಲ್ಲಿ, ಬೆಳಗಿನಿಂದ ಸಂಜೆಯವರೆಗೆ ಒಬ್ಬರ ಕಣ್ಣಿಗೊಬ್ಬರು ಬೀಳುತ್ತ, ಮೂಕಿಯರ ಹಾಗೆ ದಿನ ತಳ್ಳಬೇಕಾಯಿತು.

ಪೂರ್ತಿ ಮೂಕಿಯರೇನಲ್ಲ. ನಲ್ಲಿಯ ತಿರುಪು ಹೊಂಬಾಳಮ್ಮನ ಕೈಲಿತ್ತು, ಕ್ಯಾಂಟೀನಿಗೆ ನೀರು ಬೇಕಿತ್ತು. ಅದಕ್ಕೆ ಇಬ್ಬರೂ ಕಂಡುಕೊಂಡ ದಾರಿ ಅರ್ಧ ಮೇಷ್ಟ್ರು. ತಾಯಮ್ಮಣ್ಣಿ ಕ್ಯಾಂಟೀನಿನ ಬಾಗಿಲಲ್ಲಿ ನಿಂತು ಆ ಕಲ್ಲಿನ ಕಡೆ ತಿರುಗಿ, "ಮೇಷ್ಟ್ರೇ, ಹಂಡೆ ಬರಿದಾಗ್ಬುಟ್ಟದೆ ಅಂತ ಯೋಳಿ" ಅನ್ನುವಳು. ಹೊಂಬಾಳಮ್ಮ ಗುಲಾಬಿ ಗಿಡದ ಬುಡ ಕೆದಕುತ್ತಲೇ, "ಮೇಷ್ಟ್ರೇ, ಈಗ ಬುಡ್ತೀನಿ ಅಂತ ಯೋಳಿ" ಅನ್ನುವಳು. ಹೊಸಬರು ನಗುತ್ತಿದ್ದರು. ನಮಗೆ ಅಭ್ಯಾಸವಾಗಿಹೋಗಿತ್ತು.

ಈಗ ಒಂದೇ ಕಲ್ಲಿನಲ್ಲಿ ಇಬ್ಬರೂ! ತಾಯಮ್ಮಣ್ಣಿಗೆ ಸಿಟ್ಟು ನೆತ್ತಿಗೇರಿತು. "ಊರಗಲ ಅಂಗಳ ಬಿದ್ದದೆ. ನಾನು ಅವಳ ಮಗ್ಗುಲಲ್ಲೇ ಏಳಬೇಕಾಗಿತ್ತಾ?" ಎಂದು ಕೂಗಾಡಿ, ಸಕ್ಕರೆಯ ಗೋಣಿಚೀಲವೊಂದನ್ನು ತಂದು ತನ್ನ ಕಲ್ಲುಮುಖಕ್ಕೆ ಮುಸುಕು ಹಾಕಿದಳು.

ತಹಸೀಲ್ದಾರ್ ಪರಶಿವಮೂರ್ತಿಯವರು ಆಗ ತಾನೇ ವರ್ಗವಾಗಿ ಬಂದಿದ್ದರು. ಅವರಿಗೆ ನಮ್ಮ ಕಲ್ಲುಗಳ ವಿಷಯ ಇನ್ನೂ ಮೈಗೆ ಹತ್ತಿರಲಿಲ್ಲ. ಮೊದಮೊದಲು, ದಾರಿಗೆ ಅಡ್ಡ ಬಂದಿದೆ, ಕೀಳಿಸಿ ಪಕ್ಕಕ್ಕೆ ನೆಡಿಸೋಣ ಅಂದರು. ಎಲ್ಲರೂ ಅವರ ಮುಖವನ್ನು ಹೇಗೆ ನೋಡಿದರೆಂದರೆ, ಅವರು ಮತ್ತೆ ಆ ಮಾತು ಎತ್ತಲಿಲ್ಲ. ಬದಲಿಗೆ ಮುಂದಾಲೋಚನೆ ಶುರುಮಾಡಿದರು. ಇಬ್ಬರು ಹೆಂಗಸರು ಒಂದೇ ಕಲ್ಲಿನಲ್ಲಿ ಅಕ್ಕಪಕ್ಕ ನಿಂತಿದ್ದಾರೆಂದರೆ ಏನನ್ನೋ ಹೊರುತ್ತಿರಬೇಕು. ಬಹುಶಃ ಬೆಂಕಿಯಿಂದ ಯಾರನ್ನೋ ಹೊತ್ತು ತರುತ್ತಿರಬೇಕು. ಹಾಗೆ ಯೋಚಿಸಿ ಕಚೇರಿಯ ಉದ್ದಕ್ಕೂ ಮರಳು ತುಂಬಿದ ಕೆಂಪು ಬಕೆಟ್ಟು ನೇತುಹಾಕಿಸಿದರು. ಊರಿನ ತಾಯಂದಿರಂತೂ ಮಕ್ಕಳನ್ನು ಕ್ಯಾಂಟೀನಿನ ಸುತ್ತಮುತ್ತ ಆಡಲು ಕಳಿಸತೊಡಗಿದರು, ಏನೇ ಆದರೂ ಕಾಪಾಡುವವರು ಹತ್ತಿರದಲ್ಲೇ ಇರಲಿ ಎಂದು.

ಅಂಗಳದ ಕಲ್ಲುಗಳನ್ನು ತೊಳೆಯುವುದು ಮಾಲಿಯ ಕೆಲಸ. ಆದ್ದರಿಂದ ಪ್ರತಿ ದಿನ ಬೆಳಿಗ್ಗೆ ಹೊಂಬಾಳಮ್ಮನೇ ಆ ಗೋಣಿಚೀಲ ತೆಗೆದು ನಾದಿನಿಯ ಮುಖ ತೊಳೆದು, ಮತ್ತೆ ಚೀಲ ಮುಚ್ಚಬೇಕಾಗಿತ್ತು. ಮೊದಲ ದಿನಗಳಲ್ಲಿ ಎಲ್ಲೋ ನೋಡಿಕೊಂಡು ಪೊರಕೆ ಆಡಿಸಿ ಮುಗಿಸುತ್ತಿದ್ದಳು. ಒಂದು ದಿನ ಗಲ್ಲದ ಸಂದಿಯಲ್ಲಿ ಮಣ್ಣು ಕೂತಿತ್ತು. ಬೆರಳಿಗೆ ಬಟ್ಟೆ ಸುತ್ತಿಕೊಂಡು ಹತ್ತಿರ ಕೂತು ಒರೆಸಿದಳು. ಒರೆಸುತ್ತ ಒರೆಸುತ್ತ ಅವಳ ಕೈ ನಿಂತುಹೋಯಿತು. ಆ ಗಲ್ಲ ಶಿವನಂಜಪ್ಪನ ಗಲ್ಲ. ಕೆಳತುಟಿಯ ಅಡಿಯ ಆ ಗುಳಿಯೂ ಅವನದೇ. ಎದುರಿಗೇ ಓಡಾಡುತ್ತಿದ್ದ ನಾದಿನಿಯ ಮುಖವನ್ನು ಇಷ್ಟು ವರ್ಷ ಕಣ್ಣೆತ್ತಿ ನೋಡದೇ ಇದ್ದುದರಿಂದ ಗಂಡನ ಮುಖ ಹೀಗೆ ಹತ್ತಿರದಲ್ಲೇ ಇದೆಯೆಂಬುದು ಅವಳಿಗೆ ಮರೆತೇಹೋಗಿತ್ತು. ಆ ದಿನದಿಂದ ಅವಳು ಆ ಮುಖವನ್ನು ತೊಳೆಯಲು ಹೊತ್ತು ತೆಗೆದುಕೊಳ್ಳತೊಡಗಿದಳು. ಚೀಲವನ್ನು ಮಾತ್ರ ತಪ್ಪದೆ ಮುಚ್ಚುತ್ತಿದ್ದಳು. "ಅವಳ ಮುಖ, ಅವಳಿಷ್ಟ" ಅನ್ನುತ್ತಿದ್ದಳು ನನ್ನ ಹತ್ತಿರ.

ಮಳೆಗಾಲ ಹಿಡಿಯಿತು. ಕಲ್ಲು ಹೆಗಲು ದಾಟಿ ತೋಳಿನವರೆಗೂ ಬಂದಿತ್ತು. ಇಬ್ಬರ ತೋಳುಗಳೂ ಮುಂದಕ್ಕೆ ಬಾಗಿದ್ದವು, ಕೈ ಇನ್ನೂ ಮಣ್ಣಿನೊಳಗಿತ್ತು. ಆಗಲೇ ಒಂದು ಮಧ್ಯಾಹ್ನ ತಾಯಮ್ಮಣ್ಣಿ ಕ್ಯಾಂಟೀನಿಗೆ ಬೀಗ ಹಾಕಿ, ಟ್ರಂಕು ಕೈಲಿ ಹಿಡಿದು, ಅರ್ಧ ಮೇಷ್ಟ್ರ ಮುಂದೆ ನಿಂತು, "ಮೇಷ್ಟ್ರೇ, ನಾನೂ ನಿಮ್ಮಂಗೇ ಹೋಯ್ತೀನಿ. ನನ್ನ ಅಕ್ಕನ ಮನೇಲಿ ಇದ್ಬುಡ್ತೀನಿ. ಈ ಕಲ್ಲು ಇಲ್ಲಿಗೇ ನಿಂತ್ಕಳ್ಳಿ" ಅಂದು ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಹೊಂಬಾಳಮ್ಮ ಕುಡುಗೋಲು ಹಿಡಿದು ಹುಲ್ಲು ಕೊಯ್ಯುತ್ತಿದ್ದವಳು ಹಾಗೇ ಕೂತುಬಿಟ್ಟಳು. ಅವಳಿಗೆ ಮೊದಲು ಹಾಯೆನಿಸಿತಂತೆ. ಕಲ್ಲು ನಿಂತರೆ ತನ್ನ ಪ್ರಾಣಭಯವೂ ನಿಂತಹಾಗೆ. ಸ್ವಲ್ಪ ಹೊತ್ತು ಹುಲ್ಲು ಕೊಯ್ದಳು. ಆಮೇಲೆ ನಾಳೆ ಬೆಳಿಗ್ಗೆ ಕ್ಯಾಂಟೀನಿನ ಹೊಗೆ ಏಳುವುದಿಲ್ಲ, ಒಗ್ಗರಣೆಯ ವಾಸನೆ ಬರುವುದಿಲ್ಲ, ಹಂಡೆ ಬರಿದಾಗಿದೆ ಎಂದು ಯಾರೂ ಕೂಗುವುದಿಲ್ಲ ಎಂದು ಅನ್ನಿಸಿದ್ದೇ, ಎದ್ದು ನನ್ನ ಕಿಟಕಿಯ ಕೆಳಗೆ ಬಂದಳು.

"ಟೈಪ್ ಮೇಡಂ, ನಿಮ್ಮ ಗಾಡಿ ಬತ್ತದಾ?"

"ಎಲ್ಲಿಗೆ ಹೊಂಬಾಳಮ್ಮ?"

"ಆ ಹಟಮಾರಿ ಬಸ್ ಹತ್ತಾ ಅವಳೆ. ಇಳಿಸ್ಕೊಂಡು ಬರಬೇಕು."

ನಾನು ರಜೆ ಕೂಡ ಕೇಳದೆ ಸ್ಕೂಟರು ತೆಗೆದೆ. ಬಸ್ ಸ್ಟ್ಯಾಂಡು ತಲುಪುವ ಹೊತ್ತಿಗೆ ಬಸ್ಸು ಹೊರಟುಹೋಗಿತ್ತು. "ಹಿಂದೇನೇ ಬುಡಿ" ಅಂದಳು. ಬಿಟ್ಟೆ. ಸೀರೆ ಮುದುರಿಕೊಂಡು, ನನ್ನ ಸೊಂಟವನ್ನು ಬಿಗಿಯಾಗಿ ಹಿಡಿದು ಅವಳು ದಾರಿಯುದ್ದಕ್ಕೂ ನಾದಿನಿಯನ್ನು ಬೈಯುತ್ತಲೇ ಬಂದಳು.

ಊರಾಚೆ ದೊಡ್ಡ ಹಳ್ಳ. ಅದರ ಮೇಲೆ ತಡೆಗೋಡೆಯಿಲ್ಲದ ತಗ್ಗು ಸೇತುವೆ. ಮೇಲಿನ ಕೆರೆ ಅವತ್ತು ಕೋಡಿ ಬಿದ್ದಿತ್ತು. ನಾವು ಹೋಗುವಾಗ ಬಸ್ಸು ಸೇತುವೆಯ ಆಚೆ ತುದಿ ಮುಟ್ಟುವ ಮೊದಲೇ ನಿಂತುಹೋಗಿತ್ತು. ಮುಂದಿನ ಚಕ್ರ ಅಂಚಿನಿಂದ ಜಾರಿ, ಬಸ್ಸು ಒಂದು ಕಡೆ ವಾಲಿಕೊಂಡಿತ್ತು. ಕೆಂಪು ನೀರು ಅದರ ಹೊಟ್ಟೆಗೆ ಬಡಿಯುತ್ತಿತ್ತು. ಒಳಗಿನವರ ಕೂಗು ನೀರಿನ ಸದ್ದಿನಲ್ಲಿ ಕೇಳಿಸದಿದ್ದರೂ ಕಿಟಕಿಗಳ ತುಂಬ ಕೈಗಳು ಕಾಣುತ್ತಿದ್ದವು. ದಡದಲ್ಲಿ ಮಡಿವಾಳರ ಚೌಡಮ್ಮ ಒಬ್ಬಳೇ ತಲೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಅವಳು ಒಗೆದ ಸೀರೆಗಳು ಕಲ್ಲಿನ ಮೇಲೆ ರಾಶಿ ಬಿದ್ದಿದ್ದವು.

ಹೊಂಬಾಳಮ್ಮ ಯೋಚನೆ ಮಾಡಲು ನಿಲ್ಲಲಿಲ್ಲ. ರಾಶಿಯಿಂದ ಸೀರೆ ಎಳೆದು ಒಂದರ ಸೆರಗಿಗೆ ಇನ್ನೊಂದರ ಸೆರಗು ಗಂಟು ಹಾಕತೊಡಗಿದಳು. ಚೌಡಮ್ಮ, "ಅಯ್ಯೋ, ಊರೋರ ಸೀರೆ ಕಣವ್ವಾ!" ಎಂದು ಬಾಯಿ ಬಡಿದುಕೊಳ್ಳುತ್ತಲೇ ತಾನೂ ಗಂಟು ಹಾಕಲು ಕೂತಳು. ಅದನ್ನು ಹುರಿ ಮಾಡಿ ಒಂದು ತುದಿಯನ್ನು ಹೊಂಗೆ ಮರಕ್ಕೆ ಬಿಗಿದೆವು. ಇನ್ನೊಂದು ತುದಿಗೆ ಚೌಡಮ್ಮನ ತಂಬಿಗೆ ಕಟ್ಟಿ, ಹೊಂಬಾಳಮ್ಮ ಸೇತುವೆಯ ಮೇಲೆ ಮೊಣಕಾಲುದ್ದ ನೀರಿನಲ್ಲಿ ಎಷ್ಟು ದೂರ ಹೋಗಬಹುದೋ ಅಷ್ಟು ದೂರ ಹೋಗಿ ಎಸೆದಳು. ಮೊದಲ ಸಲ ತಂಬಿಗೆ ನೀರಿಗೆ ಬಿತ್ತು. ಎಳೆದುಕೊಂಡು ಮತ್ತೆ ಎಸೆದಳು. ಬಸ್ಸಿನ ಬಾಗಿಲಲ್ಲಿ ಒಂದು ಕೈ ಚಾಚಿ ಅದನ್ನು ಹಿಡಿಯಿತು. ಹಿಡಿದವಳು ತಾಯಮ್ಮಣ್ಣಿ.

ಅವಳು ಆ ತುದಿಯನ್ನು ಬಾಗಿಲ ಕಂಬಿಗೆ ಕಟ್ಟಿದ್ದಲ್ಲದೆ, ಕಂಬಿಯ ಮೇಲೆ ನಂಬಿಕೆ ಸಾಲದೆ ತನ್ನ ಸೊಂಟಕ್ಕೂ ಒಂದು ಸುತ್ತು ಸುತ್ತಿ ಮೆಟ್ಟಿಲ ಮೇಲೆ ಕಾಲು ಊರಿ ನಿಂತಳು. ಕೂಸು ಕಟ್ಟಿಕೊಂಡ ಬಾಣಂತಿ ಮೊದಲು ಬಂದಳು. ಆಮೇಲೆ ಮುದುಕರು, ಆಮೇಲೆ ಕೋಳಿ ಬುಟ್ಟಿ ಬಿಡಲೊಲ್ಲದ ಒಬ್ಬ ಹೆಂಗಸು. ಎಲ್ಲರೂ ಸೀರೆಯ ಹುರಿಯನ್ನು ಕೈಯಿಂದ ಕೈಗೆ ಹಿಡಿಯುತ್ತ ನಡೆದು ಬಂದರು. ಈ ಕಡೆ ಹೊಂಬಾಳಮ್ಮ ಒಬ್ಬೊಬ್ಬರ ರಟ್ಟೆ ಹಿಡಿದು ದಡಕ್ಕೆ ತಳ್ಳುತ್ತಿದ್ದಳು. ನಾನೂ ಚೌಡಮ್ಮನೂ ಮರದ ಹತ್ತಿರ ಗಂಟು ಸಡಿಲವಾಗದಂತೆ ಜಗ್ಗಿಕೊಂಡಿದ್ದೆವು. ಡ್ರೈವರು, ಕಂಡಕ್ಟರು ಬಂದ ಮೇಲೆ ತಾಯಮ್ಮಣ್ಣಿ ಕಂಬಿಯ ಗಂಟು ಬಿಚ್ಚಿ ತಾನು ಇಳಿದಳು.

ಅರ್ಧ ದಾರಿಯಲ್ಲಿ ಬಸ್ಸು ಅವಳ ಹಿಂದೆ ಮಗುಚಿಕೊಂಡಿತು. ಆ ಅಲೆಗೆ ಅವಳ ಕಾಲು ಕಿತ್ತುಹೋಯಿತು. ಸೊಂಟದ ಸುತ್ತು ಬಿಟ್ಟುಹೋಯಿತು. ಹೊಂಬಾಳಮ್ಮ ಹುರಿ ಹಿಡಿದು ಎದೆಯುದ್ದ ನೀರಿಗೆ ನುಗ್ಗಿದ್ದನ್ನು ನಾನು ಕಣ್ಣಾರೆ ಕಂಡೆ. ಅವಳಿಗೆ ಈಜು ಬರುವುದಿಲ್ಲ.

"ಕೈ ಕೊಡೇ, ಪಿಶಾಚಿ! ಕೈ ಕೊಡು!"

ಅಷ್ಟು ವರ್ಷಗಳ ಮೇಲೆ ಅವಳು ನಾದಿನಿಯ ಹತ್ತಿರ ನೇರವಾಗಿ ಆಡಿದ ಮೊದಲ ಮಾತು ಅದು. ತಾಯಮ್ಮಣ್ಣಿ ಕೈ ಕೊಟ್ಟಳು. ಬಸ್ಸಿನಿಂದ ಇಳಿದವರೆಲ್ಲ ಸೇರಿ ಹುರಿ ಎಳೆದೆವು. ಇಬ್ಬರೂ ದಡಕ್ಕೆ ಬಂದು ಕೆಸರಿನಲ್ಲಿ ಬಿದ್ದರು. ತಾಯಮ್ಮಣ್ಣಿ ನೀರು ಕಕ್ಕಿ, ಉಸಿರು ತಿರುಗಿದ ಮೇಲೆ, "ನನ್ನ ಟ್ರಂಕು ಹೋಯ್ತು, ಅತ್ಗೆ" ಅಂದಳು.

"ಹೋಗ್ಲಿ ಬುಡು. ಅದ್ರಾಗೇನು ವಜ್ರ ಇತ್ತಾ?" ಅಂದಳು ಹೊಂಬಾಳಮ್ಮ.

ಊರಿನಲ್ಲಿ ಆ ಸಂಜೆ ಹಬ್ಬ. ಬಸ್ಸಿನಲ್ಲಿದ್ದ ಒಂದು ಜೀವವೂ ಹೋಗಲಿಲ್ಲ, ಕೋಳಿಗಳೂ ಸೇರಿ. ಚೌಡಮ್ಮ ಮಾತ್ರ ಮರುದಿನ ಬೆಳಿಗ್ಗೆ ಕೆಸರು ಮೆತ್ತಿದ ಸೀರೆಗಳ ಗಂಟು ಹೊತ್ತು ಕಚೇರಿಗೇ ಬಂದು ಅಂಗಳದಲ್ಲಿ ಇಳಿಸಿ, "ಪ್ರಾಣ ಉಳಿಸಿದ್ರಿ, ಸರಿ. ಈಗ ಇವನ್ನ ಯಾರವ್ವ ಒಗೀತಾರೆ? ನಂಗೆ ಸೊಂಟ ಬಿದ್ದೋಗದೆ" ಅಂದಳು. ಹೊಂಬಾಳಮ್ಮ, "ಇಡು ಅಲ್ಲಿ, ನಾವೇ ಒಗ್ದು ಕೊಡ್ತೀವಿ" ಅಂದಳು. ನಾವು ಎಂದು ಯಾರನ್ನು ಸೇರಿಸಿ ಹೇಳಿದಳೆಂದು ಯಾರೂ ಕೇಳಲಿಲ್ಲ. ತಾಯಮ್ಮಣ್ಣಿ ಕ್ಯಾಂಟೀನಿನ ದೊಡ್ಡ ಬಾಣಲೆಯನ್ನು ಉರುಳಿಸಿಕೊಂಡು ನಲ್ಲಿಯ ಹತ್ತಿರ ಬಂದಳು.

ಬಿಸಿಲು ಚೆನ್ನಾಗಿ ಬಿದ್ದಿತ್ತು. ಇಬ್ಬರೂ ಬೆಳಗಿನಿಂದ ಒಗೆದರು. ಒಗೆದ ಸೀರೆಯ ಒಂದೊಂದು ತುದಿ ಒಬ್ಬೊಬ್ಬರು ಹಿಡಿದು, ಒಬ್ಬಳು ಬಲಕ್ಕೆ, ಒಬ್ಬಳು ಎಡಕ್ಕೆ ತಿರುಚಿ ಹಿಂಡಿದರು. ಹರವಲು ಹಗ್ಗ ಸಾಲಲಿಲ್ಲ. ಟೊಪ್ಪಿಗೆ ದೊರೆಯ ಹೆಗಲ ಮೇಲೆ ಹಸಿರು ಸೀರೆ, ವೀರನ ಬಾಣಕ್ಕೆ ಸಿಕ್ಕಿಸಿದ ಹಳದಿ ಸೀರೆ, ಕುದುರೆಯ ಬೆನ್ನಿನ ಮೇಲೆ ಯಾರದೋ ಮದುವೆಯ ಕೆಂಪು ಸೀರೆ. ತಹಸೀಲ್ದಾರರು ಜೀಪು ಇಳಿದು, ಸುತ್ತ ನೋಡಿ, ದಾರಿಗೆ ಅಡ್ಡ ಬಂದ ಒಂದು ಸೆರಗನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದರು. ನಮ್ಮ ಊರು ಅವರಿಗೆ ಮೈಗೆ ಹತ್ತಿದ್ದು ಅವತ್ತೇ ಎಂದು ನನ್ನ ಲೆಕ್ಕ.

ಒಂದು ಸೀರೆಯನ್ನು ಹಿಂಡುತ್ತ ಹಿಂಡುತ್ತ ತಾಯಮ್ಮಣ್ಣಿ ತಲೆ ಎತ್ತದೆ, "ಅತ್ಗೆ, ಅವತ್ತು ಅಣ್ಣನ್ನ ನೀನು ಕಳಿಸಿದ್ಯಾ?" ಎಂದು ಕೇಳಿದಳು.

ಹೊಂಬಾಳಮ್ಮ ಆ ತುದಿಯಲ್ಲಿ ಸೀರೆಯನ್ನು ಇನ್ನೊಂದು ಸುತ್ತು ತಿರುಚಿದಳು. ಅದಕ್ಕೆ ಉತ್ತರ ಅವಳು ವರ್ಷಗಟ್ಟಲೆ ನುಂಗಿಕೊಂಡಿದ್ದ ಮಾತು. ಹೇಳಿದರೆ ಈ ಕಡೆಯ ಭಾರ ಆ ಕಡೆಗೆ ಹೋಗುತ್ತದೆಂದೇ ಹೇಳಿರಲಿಲ್ಲ.

"ಹೋಗ್ಬೇಡ ಅಂದೆ ಕಣೇ. ಕಾಲು ಹಿಡ್ಕೊಳ್ಳೋದೊಂದು ಬಾಕಿ. ತಂಗಿ ಕೈಯ ಶುಂಠಿ ಕಾಪಿ ಕುಡಿದ್ರೆ ಜ್ವರ ಬುಡ್ತದೆ ಅಂದ್ಕೊಂಡು ಹೊಂಟ್ಬುಟ್ಟ."

ತಾಯಮ್ಮಣ್ಣಿಯ ಕೈ ನಿಂತಿತು. ಹಿಂಡಿದ ಸೀರೆ ಸಡಿಲಗೊಂಡು ನೀರು ತೊಟ್ಟಿಕ್ಕಿತು.

"ಕುಡಿದ" ಅಂದಳು ಆಮೇಲೆ. "ಇನ್ನೊಂದು ಲೋಟ ಹುಯ್ಯಿ ಅಂತ ಇಸ್ಕೊಂಡು ಕುಡಿದ. ಲೋಟ ಕೊಡುವಾಗ ಅವನ ಕೈ ಮುಟ್ಟಿದೆ, ಕೆಂಡ ಇದ್ದಂಗಿತ್ತು. ಮನೆಗೆ ಹೋಗಣ್ಣ ಅನ್ನಬೇಕಾಗಿತ್ತು. ಗಿರಾಕಿಗಳಿದ್ರು. ಅನ್ನಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಅದಕ್ಕೇ ನಿನ್ನ ಮ್ಯಾಲೆ ಹಾಕ್ದೆ."

"ಗೊತ್ತಿತ್ತು ಬುಡು" ಅಂದಳು ಹೊಂಬಾಳಮ್ಮ.

"ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ಯಾ?"

"ನೀನೂ ಅಳ್ತಿದ್ದೆ, ನಾನೂ ಅಳ್ತಿದ್ದೆ. ಅದ್ರಾಗೆ ಲೆಕ್ಕ ಯಾರು ಹಾಕ್ತಾರೆ? ಕಾಪಿ ಚೆನ್ನಾಗಿತ್ತಂತಾ?"

"ಬೆಲ್ಲ ಜಾಸ್ತಿ ಆಯ್ತು ಅಂದ."

"ಅವನಿಗೆ ಅದೊಂದು ರೋಗ. ಸಾಯೋ ದಿನಾನೂ ತಪ್ಪು ಹುಡುಕ್ದನಲ್ಲ!"

ಇಬ್ಬರೂ ಒಮ್ಮೆಲೇ ನಕ್ಕರು. ಅಳುವಿನ ನಡುವೆ ಬಂದ ನಗು, ನಿಲ್ಲಲೇ ಇಲ್ಲ. ಹೊಂಬಾಳಮ್ಮ ಸೀರೆಯ ತುದಿ ಬಿಡದೆಯೇ ಬಗ್ಗಿ ಬಗ್ಗಿ ನಕ್ಕಳು. ನಾನು ಮೇಲೆ ಕಿಟಕಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡೆ. ನಾನೊಬ್ಬಳೇ ಅಲ್ಲ, ಪ್ರತಿ ಕಿಟಕಿಯಲ್ಲೂ ಒಂದೊಂದು ತಲೆ ಇತ್ತು.

ಸ್ವಲ್ಪ ದಿನಗಳಲ್ಲಿ ಕಲ್ಲಿನಲ್ಲಿ ಕೈ ಮೇಲೆ ಬಂತು. ಇಬ್ಬರ ಮುಷ್ಟಿಯಲ್ಲೂ ತಿರುಚಿದ ಬಟ್ಟೆ. ಊರೆಲ್ಲ ಸಂಭ್ರಮಪಟ್ಟಿತು. ಹೌದು, ಇದು ಹಳ್ಳದಲ್ಲಿ ಜನರನ್ನು ಉಳಿಸಿದ ಸೀರೆಯ ಹುರಿಯೇ. ತಹಸೀಲ್ದಾರರು ಕೆಂಪು ಬಕೆಟ್ಟುಗಳನ್ನು ಇಳಿಸಿ, ಭಾಷಣ ತಯಾರು ಮಾಡಿಕೊಂಡರು. ಕಲ್ಲು ಇನ್ನೂ ಏಳುತ್ತಿತ್ತು. ಸೊಂಟ ಬಂತು, ಮೊಣಕಾಲು ಬಂತು. ಕೊನೆಗೆ ಪಾದಗಳ ನಡುವೆ ಏನೋ ದುಂಡಗೆ ಏಳತೊಡಗಿತು. ಸುಳಿ ಎಂದರು ಕೆಲವರು. ಬಸ್ಸಿನ ಚಕ್ರ ಎಂದರು ಇನ್ನು ಕೆಲವರು. ಪೂರ್ತಿ ಎದ್ದ ಮೇಲೆ ನೋಡಿದರೆ ಅದು ಬಾಣಲೆ. ಹಿಡಿಕೆಗಳೂ ಇದ್ದವು. ತಿರುಚಿದ ಬಟ್ಟೆಯಿಂದ ಅದರೊಳಕ್ಕೆ ನೀರು ಇಳಿಯುವುದು ಕೂಡ ಗೆರೆಗೆರೆಯಾಗಿ ಮೂಡಿತ್ತು. ಇಷ್ಟು ದಿನ ಗೋಣಿಚೀಲ ಮುಚ್ಚಿದ್ದರಿಂದ, ದಿನಾ ತೊಳೆಯುತ್ತಿದ್ದ ಹೊಂಬಾಳಮ್ಮನನ್ನು ಬಿಟ್ಟು ಯಾರೂ ಸರಿಯಾಗಿ ನೋಡಿರಲಿಲ್ಲ. ಅದನ್ನು ತೆಗೆದು ನೋಡಿದರೆ ತಾಯಮ್ಮಣ್ಣಿಯ ಕಲ್ಲುಮುಖದ ಬಾಯಿ ನಗುವಿಗೆ ತೆರೆದುಕೊಂಡಿತ್ತು.

ಊರಿನ ಹಿರಿಯರು ಮುಖ ಚಿಕ್ಕದು ಮಾಡಿಕೊಂಡರು. ಅಷ್ಟು ದೊಡ್ಡ ಸಾಹಸ ಮಾಡಿದವರನ್ನು ಕಲ್ಲು ಬಟ್ಟೆ ಹಿಂಡುವವರ ಹಾಗೆ ತೋರಿಸಿದೆಯಲ್ಲ, ಎಲ್ಲೋ ತಪ್ಪಾಗಿರಬೇಕು ಎಂದರು. ಬಾಣಲೆಯ ಮೇಲೆ ಸಿಮೆಂಟು ಮೆತ್ತಿಸಿ ಅಲೆಗಳನ್ನು ಮಾಡಿಸಿದರೆ ಹೇಗೆ ಎಂದು ಒಬ್ಬರು ಸಲಹೆ ಕೊಟ್ಟರು. ತಹಸೀಲ್ದಾರರು ಇಬ್ಬರನ್ನೂ ಕರೆಸಿ ಕೇಳಿದರು. ಹೊಂಬಾಳಮ್ಮ ಹೋಗಿ ಕಲ್ಲಿನ ಮುಂದೆ ನಿಂತು, ತಲೆಯಿಂದ ಪಾದದವರೆಗೆ ನೋಡಿದಳು. ಮೈಯಲ್ಲಿ ಎಲ್ಲೂ ಬಾಣ ನೆಟ್ಟಿರಲಿಲ್ಲ.

"ತಪ್ಪೇನಿಲ್ಲ ಸ್ವಾಮಿ" ಅಂದಳು. "ಹಳ್ಳದ ತಾವ ಯಾರಿದ್ರೂ ಹಂಗೇ ಮಾಡೋರು. ಇದು ಮಾತ್ರ ನಾವೇ ಮಾಡಬೇಕಾಗಿತ್ತು. ಹಿಂಗೇ ಇರ್ಲಿ."

ಬಾವುಟದ ಹಬ್ಬದ ದಿನ ಹಾರ ಹಾಕಿಸಿದರು. ತಹಸೀಲ್ದಾರರು ಹಳ್ಳದ ಬಗ್ಗೆಯೇ ಭಾಷಣ ಮಾಡಿದರು, ಬರೆದುಕೊಂಡದ್ದು ವ್ಯರ್ಥವಾಗಬಾರದಲ್ಲ. ಬಸ್ಸಿನಲ್ಲಿದ್ದ ಬಾಣಂತಿ ಕೂಸನ್ನು ಎತ್ತಿಕೊಂಡು ಬಂದು ಕಲ್ಲಿನ ಬಾಣಲೆಯಲ್ಲಿ ಒಂದು ಗಳಿಗೆ ಕೂರಿಸಿದಳು. ಅದನ್ನು ನೋಡಿ ಉಳಿದವರೂ ತಮ್ಮ ಮಕ್ಕಳನ್ನು ಕೂರಿಸಿದರು. ಈಗ ಅದೊಂದು ಪದ್ಧತಿಯಾಗಿದೆ.

ಆ ದೀಪಾವಳಿಗೆ ತಾಯಮ್ಮಣ್ಣಿ ತನ್ನ ಬಾಡಿಗೆ ಮನೆ ಬಿಟ್ಟು ಅತ್ತಿಗೆಯ ಮನೆಗೇ ಬಂದಳು. ನಾವೆಲ್ಲ, ಇನ್ನು ಅಂಗಳದಲ್ಲಿ ಶಾಂತಿ ಎಂದುಕೊಂಡೆವು. ಎಂಥ ಶಾಂತಿ! ವರ್ಷಗಟ್ಟಲೆ ಆಡದೇ ಉಳಿದ ಮಾತೆಲ್ಲ ಅವರಿಬ್ಬರ ಹತ್ತಿರ ಹಾಗೇ ಇತ್ತು. ನಾದಿನಿ ಸಾರಿಗೆ ಹುಳಿ ಹೆಚ್ಚು ಹಾಕುತ್ತಾಳೆಂದು ಅತ್ತಿಗೆ, ಅತ್ತಿಗೆ ಕರಿಬೇವಿನ ಗಿಡ ಸವರಿ ಬೋಳಿಸುತ್ತಾಳೆಂದು ನಾದಿನಿ, ಬೆಳಿಗ್ಗೆ ಶುರುವಾದರೆ ಸಂಜೆ ಬೀಗ ಹಾಕುವವರೆಗೂ ಮುಗಿಯುವುದಿಲ್ಲ. ನಾನು ಟೈಪ್ ಮಾಡುವ ಕಾಗದದಲ್ಲಿ ದಿನಾ ಒಂದಾದರೂ ತಪ್ಪು ಬೀಳುತ್ತದೆ. ಹೋದ ವಾರ ತಹಸೀಲ್ದಾರರು ನನ್ನ ಕೋಣೆಗೆ ಬಂದು ಒಂದು ತಪ್ಪು ತೋರಿಸಿ ಗದರಲು ಹೊರಟವರು, ಕೆಳಗಿನಿಂದ "ಅತ್ಗೇ, ನಿನ್ನ ಕಣ್ಣಿಗೆ ಉಪ್ಪೂ ಸಕ್ಕರೇನೂ ಒಂದೇನಾ?" ಎಂಬ ಕೂಗು ಬಂದದ್ದೇ ಕಾಗದ ಮೇಜಿನ ಮೇಲಿಟ್ಟು ಕಿಟಕಿಗೆ ಬಂದರು. ನಾನು ಸ್ವಲ್ಪ ಸರಿದು ಜಾಗ ಕೊಟ್ಟೆ.